ಜವಾಬು ಮಾತ್ರವಲ್ಲ, ಸವಾಲೂ ನಮ್ಮದಾಗಲಿ

ಕಳೆದ ತಿಂಗಳು ದಾದಿಯ ಬಿ.ಪಿ. ಮಾತ್ರೆ ತರಲು ಒಂದು ದೊಡ್ಡ ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪ್‌ಗೆ ಹೋಗಿದ್ದೆ. ನನ್ನ ಮುಂದೆ ಅರಬ್ ಹಿರಿಯರೊಬ್ಬರು ನಿಂತಿದ್ದರು. ಅಂಗಡಿಯವರು ಎರಡು ಮೂರು ಸಲ 'ಬಿಫೋರ್ ಫುಡ್' ಎಂದರೂ ಅವರಿಗೆ ಅರ್ಥವಾಗಲಿಲ್ಲ. ಅವರು ಅರಬ್ಬಿಯಲ್ಲಿ ಕೇಳುತ್ತಿದ್ದುದೂ ಅದನ್ನೇ: ಮಾತ್ರೆ ಊಟಕ್ಕೆ ಮೊದಲೋ, ಆಮೇಲೋ?

ಅವರ ಪ್ರಶ್ನೆ ನನಗೆ ಅರ್ಥವಾಯಿತು. ಅರಬ್ಬಿ ನನ್ನ ಭಾಷಾ ವಿಷಯ, ಪ್ರಥಮ ಪಿಯುಸಿಯಲ್ಲಿ ನೂರಕ್ಕೆ 94 ಬಂದಿತ್ತು. 'ಕಬ್ಲ' ಎಂದರೆ ಮೊದಲು, 'ಬಅದ' ಎಂದರೆ ಆಮೇಲೆ. ಒಂದು ಪದ ಹೇಳಿದ್ದರೆ ಸಾಕಿತ್ತು. ಆದರೆ ನಾನು ಮನಸ್ಸಿನಲ್ಲೇ ಪೂರ್ತಿ ವಾಕ್ಯ ಕಟ್ಟುತ್ತಾ, ಕೊನೆಯ ಅಕ್ಷರಕ್ಕೆ ಜಬರ್ ಬರಬೇಕೋ ಜೇರ್ ಬರಬೇಕೋ ಎಂದು ಯೋಚಿಸುತ್ತಾ ನಿಂತೆ. ಅಷ್ಟರಲ್ಲಿ ಅಂಗಡಿಯವರು ಮಾತ್ರೆಯ ಕವರಿನ ಮೇಲೆ ಒಂದು ಮಾತ್ರೆ, ಪಕ್ಕದಲ್ಲಿ ಬಾಣದ ಗುರುತು, ಆಮೇಲೆ ಒಂದು ತಟ್ಟೆ ಬರೆದು ಕೊಟ್ಟರು. ಹಿರಿಯರು ನಕ್ಕು, ಶುಕ್ರನ್ ಎಂದು ಹೊರಟುಹೋದರು. ಅರಬ್ಬಿ ಒಂದಕ್ಷರವೂ ಬಾರದವರು ಸಹಾಯ ಮಾಡಿದರು. 94 ಅಂಕದವಳು ಸುಮ್ಮನೆ ನಿಂತಿದ್ದಳು.

ಮನೆಗೆ ಬಂದು ಯೋಚಿಸಿದೆ. ತರಗತಿಯಲ್ಲಿ ನಾವು ಅರಬ್ಬಿಯಲ್ಲಿ ನಿಜವಾಗಿ ಮಾತನಾಡುವುದು ಎಷ್ಟು? ಸಲಾಮ್ ಮತ್ತು ಅದಕ್ಕೆ ಉತ್ತರ, ಅಷ್ಟೇ. ಮಿಕ್ಕಿದ್ದೆಲ್ಲ ಪಾಠ ಓದುವುದು, ಅರ್ಥ ಬರೆದುಕೊಳ್ಳುವುದು, ಸರ್ ಕೇಳಿದ್ದಕ್ಕೆ ಪುಸ್ತಕದಲ್ಲಿರುವ ಉತ್ತರ ಹೇಳುವುದು. ಇಂಗ್ಲಿಷ್ ತರಗತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಕನ್ನಡದ 'ಸವಾಲು', 'ಜವಾಬು' ಎರಡೂ ಅರಬ್ಬಿಯಿಂದ ಬಂದ ಪದಗಳು. ಅಲ್ಲಿ ಸವಾಲು ಎಂದರೆ ಬರೀ ಪ್ರಶ್ನೆ. ನಮ್ಮ ತರಗತಿಗಳಲ್ಲಿ ಸವಾಲು ಯಾವಾಗಲೂ ಉಪನ್ಯಾಸಕರದ್ದು, ಜವಾಬು ನಮ್ಮದು, ಆ ಜವಾಬೂ ಅವರಿಗೆ ಮೊದಲೇ ಗೊತ್ತಿರುವಂಥದ್ದು. ಎದುರಿನವರು ಏನು ಹೇಳುತ್ತಾರೋ ಗೊತ್ತಿಲ್ಲದೆ ಕೇಳಿ, ಆ ಕ್ಷಣದಲ್ಲೇ ಉತ್ತರಿಸುವ ಅಭ್ಯಾಸ ನಮಗೆ ಆಗುವುದೇ ಇಲ್ಲ.

ಭಾಷೆ ಕಲಿಯುವ ಶಕ್ತಿ ನಮಗೇನೂ ಕಡಿಮೆ ಇಲ್ಲ. ಮಾವಳ್ಳಿಯ ಹುಡುಗ ಹುಡುಗಿಯರು ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ತಮಿಳು ಮಾತನಾಡಿ ಬೆಳೆದವರು. ಕೆ.ಆರ್. ಮಾರ್ಕೆಟ್‌ನ ಹೂವಿನ ವ್ಯಾಪಾರಿಗಳು ನಾಲ್ಕು ಭಾಷೆಗಳಲ್ಲಿ ಚೌಕಾಸಿ ಮಾಡುತ್ತಾರೆ. ವ್ಯಾಕರಣ ಕಲಿತ ಮೇಲೆ ಬಾಯಿ ತೆರೆದವರು ಅವರಲ್ಲಿ ಯಾರೂ ಇಲ್ಲ. ತಪ್ಪು ಮಾತನಾಡುತ್ತಲೇ ಸರಿ ಕಲಿತರು.

ತರಗತಿಯಲ್ಲಿ ನಮ್ಮನ್ನು ತಡೆಯುವುದು ನಗು. ಒಬ್ಬಳು 'ಹಿ ಗೋ' ಎಂದರೆ ಹಿಂದಿನ ಬೆಂಚು ನಗುತ್ತದೆ, ಅವಳು ವರ್ಷವಿಡೀ ಬಾಯಿ ತೆರೆಯುವುದಿಲ್ಲ. ನಾನೂ ಹಾಗೆ ನಕ್ಕವಳೇ. ಮೆಡಿಕಲ್ ಶಾಪ್‌ನಲ್ಲಿ ನನ್ನ ಬಾಯಿ ಕಟ್ಟಿದ್ದೂ ಅದೇ ನಗುವಿನ ಭಯ.

ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಕಲಿಕೆಯ ಚೌಕಟ್ಟು, ಒಬ್ಬರೇ ನಿಂತು ಮಾತನಾಡುವುದನ್ನೂ ಇನ್ನೊಬ್ಬರೊಡನೆ ಮಾತನಾಡುವುದನ್ನೂ ಎರಡು ಬೇರೆ ಸಾಮರ್ಥ್ಯಗಳೆಂದು ಗುರುತಿಸುತ್ತದೆ. ನಾವು ಭಾಷಣ ಸ್ಪರ್ಧೆಗೆ ತಯಾರಾಗುತ್ತೇವೆ, ಸಂಭಾಷಣೆಗೆ ತಯಾರಾಗುವುದಿಲ್ಲ. ಫ್ರೆಂಚ್ ಕಲಿಯುವವರ ಡೆಲ್ಫ್ ಪರೀಕ್ಷೆಯ ಮೊದಲ ಹಂತದಲ್ಲೇ, ಚೀಟಿಯಲ್ಲಿರುವ ಪದ ನೋಡಿಕೊಂಡು ವಿದ್ಯಾರ್ಥಿಯೇ ಪರೀಕ್ಷಕರಿಗೆ ಪ್ರಶ್ನೆ ಕೇಳಬೇಕು. ನಮ್ಮಲ್ಲಿ ಅಂಥ ಒಂದು ಪ್ರಶ್ನೆ ಕೇಳಲು ಎಷ್ಟು ಜನ ಎದ್ದು ನಿಲ್ಲುತ್ತೇವೆ?

ಎಪ್ಪತ್ತು ಜನರ ತರಗತಿಯಲ್ಲಿ ಇದು ಸಾಧ್ಯವೇ, ಪೋರ್ಷನ್ ಮುಗಿಯುವುದು ಬೇಡವೇ ಎಂದು ಉಪನ್ಯಾಸಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 80 ಅಂಕ ಬರವಣಿಗೆಗೇ ಇರುವಾಗ ಅವರ ಮೇಲೆ ಒತ್ತಡವಿದೆ. ಅದಕ್ಕೇ ನಾನು ಕೇಳುತ್ತಿರುವುದು ಪ್ರತಿ ಭಾಷಾ ತರಗತಿಯ ಮೊದಲ ಏಳು ನಿಮಿಷ ಮಾತ್ರ. ಇಬ್ಬಿಬ್ಬರು ಮುಖಾಮುಖಿ ಕೂತು ಮಾತನಾಡಲಿ: ಬೆಳಿಗ್ಗೆ ಏನು ತಿಂದೆ, ಬಸ್ ಯಾಕೆ ತಡವಾಯಿತು, ನಿನ್ನೆಯ ಮ್ಯಾಚ್ ನೋಡಿದೆಯಾ. ಸಿಕ್ಕಿಬಿದ್ದಾಗ ಕನ್ನಡದ ಒಂದು ಪದ ಹಾಕಿ ಮುಂದೆ ಹೋಗಲಿ. 'ಮರ್ರತನ್ ಉಖ್ರಾ', ಅಂದರೆ ಇನ್ನೊಂದು ಸಲ ಹೇಳಿ ಎನ್ನುವಂಥ ಮಾತುಗಳನ್ನು ಮೊದಲ ವಾರವೇ ಕಲಿಸಲಿ. ಮಾತಿನ ಮಧ್ಯೆ ತಿದ್ದುವುದು ಬೇಡ. ಸರ್, ಮೇಡಂ ಓಡಾಡುತ್ತಾ ತಪ್ಪುಗಳನ್ನು ಬರೆದುಕೊಂಡು, ಯಾರ ಹೆಸರೂ ಹೇಳದೆ ಕೊನೆಗೆ ಬೋರ್ಡಿನಲ್ಲಿ ತಿದ್ದಲಿ. ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಒಂದು ಪಾಲು ಇದಕ್ಕೂ ಸಿಗುವಂತಾದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ ಲಾಲ್‌ಬಾಗ್‌ನ ಮರದ ಕೆಳಗೆ ಕೂತು ಮಾತನಾಡಿದರೆ ಪಕ್ಕದ ತರಗತಿಗೆ ಗಲಾಟೆಯೂ ಆಗುವುದಿಲ್ಲ.

ಪುಸ್ತಕದ ಫುಸ್‌ಹಾ ಬೇರೆ, ಅರಬ್ಬರ ಮನೆಮಾತು ಬೇರೆ, ಮಾತನಾಡಿ ಏನು ಪ್ರಯೋಜನ ಎನ್ನುವವರೂ ಇದ್ದಾರೆ. ನಾವೂ 'ಬರುತ್ತೇನೆ' ಎಂದು ಬರೆದು 'ಬರ್ತೀನಿ' ಎನ್ನುತ್ತೇವಲ್ಲ! ಪುಸ್ತಕದ ಕನ್ನಡದಲ್ಲಿ ಮಾತನಾಡಿದವರನ್ನು ನೋಡಿ ನಗಬಹುದು, ಆದರೆ ಅವರ ಮಾತು ನಮಗೆ ಅರ್ಥವಾಗುತ್ತದೆ.

ಉಪನ್ಯಾಸಕರಲ್ಲಿ ನನ್ನ ವಿನಂತಿ ಆ ಏಳು ನಿಮಿಷ. ಗೆಳೆಯ ಗೆಳತಿಯರಲ್ಲಿ ವಿನಂತಿ ಇನ್ನೂ ಚಿಕ್ಕದು: ಪಕ್ಕದವರು ತಪ್ಪು ಮಾತನಾಡಿದಾಗ ನಗಬೇಡಿ, ಉತ್ತರ ಕೊಡಿ. ನಾನೂ ನಗುವುದಿಲ್ಲ. ಮುಂದಿನ ಸಲ ಯಾರಾದರೂ ಮಾತ್ರೆ ಹಿಡಿದು ಕೇಳಿದಾಗ, ಜಬರ್ ಜೇರ್ ಹೇಗಾದರೂ ಇರಲಿ, 'ಕಬ್ಲ' ಎಂಬ ಒಂದು ಪದವಾದರೂ ನನ್ನ ಬಾಯಿಂದ ಬರಬೇಕು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ