ಮಲದ ಚೀಲಕ್ಕೂ ಮುನ್ನ

ವೈದ್ಯರೂ ಕಥೆಗಾರರೂ ಆಗಿದ್ದ ರಾಮಣ್ಣನವರ ಊರಾದ ಮಂಡ್ಯ ಜಿಲ್ಲೆಯ ಬೆಸಗರಹಳ್ಳಿಯಲ್ಲೂ ಹೊಟ್ಟೆ ಉಬ್ಬರಿಸಿದರೆ ಮೊದಲು ಜೀರಿಗೆ ಕಷಾಯ, ಆಮೇಲೆ ಗ್ಯಾಸ್ ಮಾತ್ರೆ. ಆದರೆ ಮಲವೂ ಇಲ್ಲ, ಗಾಳಿಯೂ ಇಲ್ಲ, ವಾಂತಿ ಬೇರೆ ಎಂದರೆ ತಡಮಾಡಬಾರದು. ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆ ದಾರಿ ಮುಚ್ಚಿರಬಹುದು.

ಕ್ಯಾನ್ಸರ್ ಹಬ್ಬಿದ ಮೇಲೂ ಹೊಟ್ಟೆ ಕೊಯ್ದು ಮಲದ ಚೀಲ ಕಟ್ಟುವುದೊಂದೇ ಉಪಾಯವಲ್ಲ. ನಿಕ್ಕಲ್-ಟೈಟಾನಿಯಂ ತಂತಿಯ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಮುದುಡಿಕೊಂಡೇ ಎಂಡೋಸ್ಕೋಪ್ ಮೂಲಕ ಗುದದ್ವಾರದಿಂದ ಒಳಹೋಗಿ ಗಡ್ಡೆಯ ನಡುವೆ ಅರಳುತ್ತದೆ.

ಅಪಾಯವೂ ಉಂಟು: ಕರುಳು ತೂತಾಗಬಹುದು, ಸ್ಟೆಂಟ್ ಜಾರಬಹುದು, ಗಡ್ಡೆ ಮತ್ತೆ ಒಳಗೆ ಬೆಳೆಯಬಹುದು.

ಆದರೂ ಶಸ್ತ್ರಚಿಕಿತ್ಸೆಗೆ ಸಹಿ ಹಾಕಿಸುವ ಮುನ್ನ ಈ ಆಯ್ಕೆಯನ್ನು ಮನೆಯವರಿಗೆ ಬಿಡಿಸಿ ಹೇಳಲೇಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯವರೆಗೆ ಓಡದಂತೆ ಮಂಡ್ಯ ಜಿಲ್ಲೆಯೊಳಗೇ ಸ್ಟೆಂಟ್ ಚಿಕಿತ್ಸೆ ಹಗಲಿರುಳೂ ಸಿಗಬೇಕು. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಮರಳಿದವರಿಗೆ ಬಸ್ಸಾರಿನ ರಸ ಸಾಕು, ನಾರಿನ ಸೊಪ್ಪು ಬೇಡ. ಮಲ ಸಡಿಲವಾಗಿರುವಂತೆ ವೈದ್ಯರು ಕೊಟ್ಟ ಔಷಧಿ ತಪ್ಪಬಾರದು.