ದಾಳ ಬಿತ್ತು, ಒಪ್ಪಲೇಬೇಕೆ?

ಕಳೆದ ಮಳೆಗಾಲದ ಒಂದು ಭಾನುವಾರ. ಪುಣೆಯ ನಮ್ಮ ಮನೆಯಲ್ಲಿ ಊಟದ ಮೇಜಿನ ಸುತ್ತ ಐದು ಜನ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೆವು. ಕಥೆ ನಡೆಸುವ ಡಂಜನ್ ಮಾಸ್ಟರ್ ನಾನು. ಅಂದು ನಾನು ಮಾಡಿದ ಒಂದು ತಪ್ಪಿನಿಂದ ಒಬ್ಬ ಹುಡುಗಿ ಎರಡು ವಾರ ನಮ್ಮ ಮನೆ ಕಡೆ ಬರಲಿಲ್ಲ. ಈ ಸಲದ ಅಂಕಣ ಆ ತಪ್ಪಿನ ಬಗ್ಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟವಿದು. ಪ್ರತಿಯೊಬ್ಬ ಆಟಗಾರ ಒಂದು ಪಾತ್ರ ವಹಿಸುತ್ತಾನೆ. ಊರಿನವರು, ಶತ್ರುಗಳು, ಉಳಿದ ಎಲ್ಲರ ಪಾತ್ರವೂ ಡಂಜನ್ ಮಾಸ್ಟರ್‌ನದು. ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ 20 ಮುಖದ ದಾಳ ಉರುಳಿಸಿ, ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿ ನೋಡುತ್ತೇವೆ. ಕತ್ತಿ ಬೀಸುವುದಕ್ಕೆ ಇರುವಂತೆ ಮಾತಿಗೂ ಅಂಕಗಳಿವೆ. 2014ರ ಆವೃತ್ತಿಯಲ್ಲಿ ಮನವೊಲಿಕೆ, ವಂಚನೆ, ಬೆದರಿಕೆ, ಪ್ರದರ್ಶನ ಎಂಬ ನಾಲ್ಕು ಕೌಶಲಗಳು ಇದಕ್ಕೆಂದೇ ಇವೆ.

ಆ ದಿನದ ಕಥೆಯಲ್ಲಿ ಒಬ್ಬ ದರೋಡೆಕೋರ ಸೆರೆ ಸಿಕ್ಕಿದ್ದ. ಧಾರವಾಡ ಕಡೆಯ ಆ ಹುಡುಗಿಯ ಪಾತ್ರದ ಊರು ಸುಟ್ಟವನು ಅವನೇ. ಹಣ ತಗೊಂಡು ಅವನನ್ನು ಬಿಟ್ಟುಬಿಡೋಣ ಅಂತ ಗುಂಪಿನ ಗಾಯಕನ ವಾದ. ಇವಳು ಒಪ್ಪಲಿಲ್ಲ. "ಹಾಗಾದರೆ ಮನವೊಲಿಸ್ತೀನಿ" ಅಂತ ಅವನು ದಾಳ ಉರುಳಿಸಿದ. 19 ಬಿತ್ತು, 8 ಕೂಡಿ 27. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹುರುಪಿನಲ್ಲಿ "27! ಅವಳು ಒಪ್ಪಿದಳು, ಹಗ್ಗ ಬಿಚ್ಚಿದಳು" ಅಂದುಬಿಟ್ಟೆ. ಅವಳು ಪೆನ್ಸಿಲ್ ಕೆಳಗಿಟ್ಟಳು. ಆಮೇಲಿನ ಎರಡು ಗಂಟೆ ಹೆಚ್ಚು ಮಾತಾಡಲಿಲ್ಲ.

ಎರಡು ವಾರ ಬಿಟ್ಟು ಫೋನ್ ಮಾಡಿದೆ. "ಅಣ್ಣಾ, ವಾರಪೂರ್ತಿ ಆಫೀಸಿನ್ಯಾಗ ಹೂಂ ಅಂತೀನಿ. ರವಿವಾರನೂ ಹೂಂ ಅನ್ನಾಕ ನಿಮ್ಮ ಮನಿಗೆ ಬರಬೇಕೇನ್ರಿ?" ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಈ ಆಟ ಆಡುವವರಲ್ಲಿ ಇದು ಹಳೆಯ ಜಗಳ. ಒಂದು ಪಕ್ಷ ಕೇಳುತ್ತದೆ: ಕತ್ತಿ ನನ್ನ ಪಾತ್ರವನ್ನು ಕೊಲ್ಲಬಹುದು, ಮಂತ್ರ ಮರುಳು ಮಾಡಬಹುದು, ಮಾತು ಮಾತ್ರ ಯಾಕೆ ಏನೂ ಮಾಡಬಾರದು? ಪ್ರಶ್ನೆ ನ್ಯಾಯವಾದದ್ದೇ. ಆದರೆ ವಶೀಕರಣದ ಮಂತ್ರಕ್ಕೆ ಮಿತಿ ಇದೆ. ಎದುರಿನವರಿಗೆ ತಡೆದುಕೊಳ್ಳಲು ದಾಳ ಉರುಳಿಸುವ ಅವಕಾಶವಿದೆ, ಗಂಟೆ ಕಳೆದರೆ ಅಮಲು ಇಳಿಯುತ್ತದೆ. ಕತ್ತಿಯ ಪೆಟ್ಟು ಬಿದ್ದರೂ ಸಾಯುವ ಗಳಿಗೆಯವರೆಗೆ ಪಾತ್ರ ನನ್ನದೇ. "ನಿನಗೆ ಹೀಗೇ ಅನ್ನಿಸಿತು, ಹೀಗೇ ಮಾಡಿದೆ" ಅಂತ ಬೇರೆಯವರು ಹೇಳಿಬಿಟ್ಟರೆ ಆಟಗಾರನಿಗೆ ಉಳಿಯುವುದೇನು? ಈ ಆಟದಲ್ಲಿ ಅವನ ಕೈಲಿರುವುದೇ ಆ ನಿರ್ಧಾರ.

ಹಾಗಂತ ಮಾತಿನ ದಾಳವನ್ನೇ ಕಿತ್ತೊಗೆಯೋಣವೇ? ಅದೂ ಅನ್ಯಾಯ. ಆ ಗಾಯಕನ ಪಾತ್ರ ವಹಿಸಿದ ಹುಡುಗ ನಾಲ್ಕು ಜನರೆದುರು ಬಾಯಿ ತೆರೆಯಲು ತಡವರಿಸುವವನು. ಮಾತಿನ ಮಲ್ಲನಾಗಬೇಕು ಎಂಬ ಆಸೆಯಿಂದಲೇ ಆ ಪಾತ್ರ ಆರಿಸಿಕೊಂಡಿದ್ದ. ದಾಳ ತೆಗೆದರೆ ನಿಜಜೀವನದಲ್ಲಿ ಪಟಪಟ ಮಾತಾಡುವವನೇ ಪ್ರತಿ ಸಲ ಗೆಲ್ಲುತ್ತಾನೆ.

ಬೇರೆ ಆಟಗಳು ಈ ಗಂಟನ್ನು ಜಾಣತನದಿಂದ ಬಿಡಿಸಿವೆ. 2010ರಲ್ಲಿ ಬಂದ ವಿನ್ಸೆಂಟ್ ಬೇಕರ್ ಅವರ ಅಪೊಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ ಒಬ್ಬ ಆಟಗಾರ ಇನ್ನೊಬ್ಬನ ಪಾತ್ರವನ್ನು ಒಲಿಸಲು ದಾಳ ಉರುಳಿಸಬಹುದು. ಚೆನ್ನಾಗಿ ಬಿದ್ದರೂ ಎದುರಿನವನು ಒಪ್ಪಲೇಬೇಕೆಂದಿಲ್ಲ. ಒಪ್ಪಿದರೆ ಅನುಭವದ ಅಂಕ ಸಿಗುತ್ತದೆ, ಒಲ್ಲೆ ಅಂದರೆ ಅಪಾಯ ಎದುರಿಸಬೇಕಾಗುತ್ತದೆ. ಲ್ಯೂಕ್ ಕ್ರೇನ್ ಅವರ ಬರ್ನಿಂಗ್ ವೀಲ್‌ನ ವಾದಯುದ್ಧದಲ್ಲಿ ಪಣವೇನೆಂದು ಮೊದಲೇ ಹೇಳಬೇಕು. ಸೋತವನು ಅದರಂತೆ ನಡೆಯಬೇಕು, ಮನಸ್ಸಿನಲ್ಲಿ ಒಪ್ಪಬೇಕಿಲ್ಲ. ಗೆದ್ದವನೂ ವಾದದಲ್ಲಿ ಪೆಟ್ಟು ತಿಂದಿದ್ದರೆ ಅಷ್ಟರಮಟ್ಟಿಗೆ ರಾಜಿಯಾಗಬೇಕು.

ಮುಂಬಯಿ, ಪುಣೆಗಳಲ್ಲಿ ತಾಳಮದ್ದಳೆ ಕೇಳಿದವರಿಗೆ ಇದು ಹೊಸದೇನಲ್ಲ. ಕರ್ಣಭೇದನ ಪ್ರಸಂಗ ನೆನಪಿಸಿಕೊಳ್ಳಿ. ಕೃಷ್ಣ ಜನ್ಮರಹಸ್ಯ ಬಿಚ್ಚಿಡುತ್ತಾನೆ, ಪಾಂಡವರ ಕಡೆ ಬಾ ಅನ್ನುತ್ತಾನೆ. ಕೃಷ್ಣನ ಅರ್ಥ ಹೇಳುವವರು ಎಂಥ ವಾಗ್ಮಿಯಾದರೂ ಕರ್ಣ ಪಕ್ಷ ಬಿಡುವುದಿಲ್ಲ. ಹಾಗಂತ ಆ ಮಾತು ವ್ಯರ್ಥವಲ್ಲ. ಅದು ಎದೆಗೆ ನಾಟಿದ್ದನ್ನು ಕರ್ಣನ ಅರ್ಥಧಾರಿ ತೋರಿಸಬೇಕು. ನಾಟಿಯೂ ನಿಂತಲ್ಲೇ ನಿಲ್ಲುವುದರಲ್ಲಿ ಆ ಪ್ರಸಂಗದ ಸೊಗಸಿದೆ.

ಈಗ ನಮ್ಮ ಮೇಜಿನಲ್ಲಿ ಮೂರು ಕಟ್ಟಳೆ ಮಾಡಿಕೊಂಡಿದ್ದೇವೆ. ಒಂದು, ಇನ್ನೊಬ್ಬ ಆಟಗಾರನ ಪಾತ್ರದ ಮೇಲೆ ಮಾತಿನ ದಾಳ ಉರುಳಿಸುವ ಮೊದಲು ಅವನನ್ನು ಕೇಳಬೇಕು. "ಇದೊಂದು ಆಗದು" ಅಂದರೆ ದಾಳ ಮುಟ್ಟುವಂತಿಲ್ಲ. ಎರಡು, ದಾಳ ಹೇಳುವುದು ಪಾತ್ರಕ್ಕೆ ಕಂಡದ್ದನ್ನು, ಮಾಡಿದ್ದನ್ನಲ್ಲ. ನನ್ನ ವ್ಯಾಪಾರಿ ಸುಳ್ಳು ಹೇಳಿ ಗೆದ್ದರೆ "ನೀನು ನಂಬಿದೆ" ಅನ್ನುವುದಿಲ್ಲ, "ಅವನ ಮುಖದಲ್ಲಿ ಸುಳ್ಳಿನ ಸುಳಿವು ಕಾಣಲಿಲ್ಲ" ಅನ್ನುತ್ತೇನೆ. ಮೂರು, ಎದುರಿನ ಮಾತಿಗೆ ಮಣಿದವರಿಗೆ ಇನ್‌ಸ್ಪಿರೇಷನ್ ಕೊಡುತ್ತೇನೆ. ಅಂದರೆ ಮುಂದೊಮ್ಮೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಮಣಿಯದಿದ್ದವರಿಗೆ ದಂಡವಿಲ್ಲ.

ಇಷ್ಟನ್ನೂ ಫೋನಿನಲ್ಲೇ ಅವಳಿಗೆ ಒಪ್ಪಿಸಿದೆ, ತಪ್ಪಾಯಿತು ಅಂತಲೂ ಅಂದೆ. ಮುಂದಿನ ಭಾನುವಾರ ಬಂದಳು. ಹಗ್ಗ ಬಿಚ್ಚಿದ್ದನ್ನು ಅಳಿಸಿಹಾಕಿ ಅದೇ ದೃಶ್ಯ ಮತ್ತೆ ಆಡಿದೆವು. ಗಾಯಕನ ಹುಡುಗ ಮೊದಲು ಕೇಳಿದ, "ನಿನ್ನ ಪಾತ್ರ ಯಾವುದಕ್ಕಾದರೂ ಒಪ್ಪಬಹುದಾ?" ಅವಳು ತುಸು ಯೋಚಿಸಿ, "ದಾಳ ಹಾಕು, ನೋಡೋಣು" ಅಂದಳು. ಈ ಸಲ 22. ಎಲ್ಲರೂ ಅವಳ ಮುಖ ನೋಡಿದೆವು.

"ಬಿಡ್ತೀನಿ. ಆದ್ರ ಇವತ್ತಲ್ಲ. ಸುಟ್ಟ ಊರಿನ ಬಾವಿ ಹೂಳು ತೆಗದು, ಮನಿ ಕಟ್ಟಿಕೊಟ್ಟ ಮ್ಯಾಲೆ" ಅಂದಳು.

ಹಣ ಕೈಬಿಟ್ಟಿತು ಅಂತ ಗಾಯಕ ಗೊಣಗಿದ. ಆದರೆ ಕೈದಿಯನ್ನು ಕರೆದುಕೊಂಡು ಆ ಊರಿಗೆ ಹೋಗುವ ಕಥೆ ಮುಂದಿನ ನಾಲ್ಕು ಭಾನುವಾರ ನಡೆಯಿತು. ಅದನ್ನು ನಾನು ಬರೆದಿಟ್ಟುಕೊಂಡು ಬಂದಿರಲಿಲ್ಲ.