ಗೃಹವಿಚಾರ: ಹಿತ್ತಲ ಜಗಲಿಯ ಜೀರ್ಣೋದ್ಧಾರ

ನಮ್ಮ ಹಳೆಯ ಹೆಂಚಿನ ಮನೆಗಳಲ್ಲಿ ಅಡಿಗೆಮನೆಯ ಹಿಂದೆ ಒಂದು ತೆರೆದ ಜಗಲಿಯಿರುತ್ತಿದ್ದುದು ರೂಢಿ. ಪಾತ್ರೆ ಬೆಳಗುವುದು, ಒರಳಿನಲ್ಲಿ ರುಬ್ಬುವುದು, ಹಂಡೆಗೆ ಉರಿಹಾಕುವುದು ಇವೆಲ್ಲವೂ ಅಲ್ಲಿಯೇ ನಡೆಯುತ್ತಿದ್ದುವು. ಕಾಲಕ್ರಮದಲ್ಲಿ ಮಳೆಯ ಎರಚಲಿಗೂ ಕಳ್ಳರಿಗೂ ಅಂಜಿ ಜನರು ಅದಕ್ಕೆ ಗೋಡೆಯೆಬ್ಬಿಸಿ ಬಾಗಿಲಿಟ್ಟರು. ತರುವಾಯ ಮನೆಗೆ ಬಂದ ಗ್ಯಾಸ್ ಸಿಲಿಂಡರು, ಗ್ಯಾಸ್ ಗೀಸರು, ಬಟ್ಟೆ ಒಗೆಯುವ ಯಂತ್ರ, ಯು.ಪಿ.ಎಸ್. ಬ್ಯಾಟರಿ ಎಲ್ಲಕ್ಕೂ ಆ ಮೂಲೆಯೇ ಆಶ್ರಯವಾಯಿತು.

ಇಂತಹ ಜಗಲಿಯು ಶಿಥಿಲವಾದಾಗ ಗೃಹಸ್ಥರು ಮೊದಲು ಹೆಂಚು, ಬಣ್ಣ, ನೆಲಗಳ ವಿಚಾರವನ್ನು ಮಾಡುವರು. ಆದರೆ ಮೊದಲು ಮಾಡತಕ್ಕದ್ದು ಗಾಳಿಯ ವಿಚಾರ. ಹಂಡೆಯೊಲೆಯ ಹೊಗೆಯು ಕಣ್ಣುರಿಸಿ ನಮ್ಮನ್ನು ಎಚ್ಚರಿಸುತ್ತಿದ್ದಿತು. ಗೀಸರಿನಲ್ಲಿ ಗ್ಯಾಸು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗಾದರೋ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಆಕ್ರಮಿಸಿ, ಸ್ನಾನಕ್ಕೆ ಹೋದವರನ್ನು ಸದ್ದಿಲ್ಲದೆ ಮೂರ್ಛೆಗೆ ಕೆಡಹಿ ಪ್ರಾಣವನ್ನೇ ತೆಗೆಯಬಲ್ಲದು. ಆದಕಾರಣ ಇಂತಹ ಗೀಸರು ಮುಚ್ಚಿದ ಜಗಲಿಯಲ್ಲಾಗಲಿ ಬಚ್ಚಲಮನೆಯಲ್ಲಾಗಲಿ ಇರಕೂಡದು. ಹೊರಗೋಡೆಯ ಮೇಲೆ ತೆರೆದ ಗಾಳಿಯಲ್ಲಿರಬೇಕು.

ಅಡಿಗೆಯ ಗ್ಯಾಸು ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರವಾದುದು. ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುವುದು. ೧೪.೨ ಕಿಲೋಗ್ರಾಂ ತುಂಬಿದ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಅದರ ಬಳಿ ನೆಲದ ಮಟ್ಟದಲ್ಲಿ ಜಾಲಂಧ್ರವನ್ನಿಡಬೇಕು. ಬಚ್ಚಲ ಮೋರಿಯೂ ವಿದ್ಯುತ್ ಸ್ವಿಚ್ಚೂ ಅದಕ್ಕೆ ಸಮೀಪವಾಗಿರಬಾರದು. ನೀರು ಹಾಕುವ ಬ್ಯಾಟರಿಯ ಸ್ವಭಾವವು ಇದಕ್ಕೆ ವಿರುದ್ಧ: ಚಾರ್ಜಾಗುವಾಗ ಅದರಿಂದ ಏಳುವ ಜಲಜನಕವು ಬಲು ಹಗುರವಾದುದರಿಂದ ಮೇಲಕ್ಕೇರುವುದು. ಅದಕ್ಕೆ ಸೂರಿನ ಕೆಳಗೆ ಕಿಂಡಿ ಬೇಕು. ಇವೆರಡನ್ನೂ ಒಂದೇ ಮೂಲೆಯಲ್ಲಿಡುವುದು ಸರ್ವಥಾ ತರವಲ್ಲ.

ಜಾಲಂಧ್ರವಿಟ್ಟರೆ ಎರಚಲು ಬರುವುದೆಂದು ಗೃಹಿಣಿಯರು ಆಕ್ಷೇಪಿಸಬಹುದು. ಸೂರನ್ನು ಎರಡಡಿ ಮುಂದಕ್ಕೆ ಚಾಚಿ, ಕಿಂಡಿಗಳಿಗೆ ತಂತಿಯ ಬಲೆಯನ್ನು ಹೊಡೆಸಿದರೆ ಎರಚಲೂ ಇಲಿಯೂ ಬಹುಮಟ್ಟಿಗೆ ಹೊರಗುಳಿಯುವುವು.

ಇನ್ನು ಕೆಲಸದ ಕ್ರಮ. ಸಿಲಿಂಡರನ್ನು ಹೊರಗೆ ಸಾಗಿಸಿ, ವಿದ್ಯುತ್ತನ್ನು ನಿಲ್ಲಿಸಿದ ಮೇಲೆಯೇ ಹೆಂಚನ್ನಿಳಿಸಬೇಕು. ತೊಲೆ, ಜಂತೆಗಳನ್ನು ಉಳಿಯಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದಲ್ಲಿ ಗೆದ್ದಲಿನ ಶಂಕೆ ಯುಕ್ತವೇ. ಮಂಗಳೂರಿನಲ್ಲಿ ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ನಮ್ಮಲ್ಲಿ ಹಬ್ಬಿದ ಆ ಬಗೆಯ ಹೆಂಚುಗಳು ಒಡೆಯದಿದ್ದರೆ ತೊಳೆದು ಮತ್ತೆ ಹೊದಿಸಬಹುದು. ನೆಲಕ್ಕೆ ಐದಡಿಗೆ ಒಂದಂಗುಲದಂತೆ ಓಟವಿರಲಿ. ಹಳೆಯ ಮರದ ಪಟ್ಟಿಯ ಮೇಲಿನ ತಂತಿಗಳನ್ನು ತೆಗೆಸಿ, ಅರ್ಥಿಂಗ್ ಸಹಿತ ಹೊಸ ತಂತಿಯನ್ನೆಳೆಸಿ, ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.ಯನ್ನು ಹಾಕಿಸತಕ್ಕದ್ದು, ಒದ್ದೆಗೈಯವರಿಗೆ ಆಘಾತವಾದರೆ ಅದು ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿಯುವುದು. ಮೀಟರನ್ನು ಕದಲಿಸಬೇಕಾದರೆ ವಿದ್ಯುತ್ ಸರಬರಾಜಿನವರಿಗೆ ಅರ್ಜಿ ಕೊಡಬೇಕೇ ಹೊರತು ಮುದ್ರೆಯನ್ನು ತಾವೇ ಮುಟ್ಟಬಾರದು.

ಹಣ ಸಾಲದಿದ್ದರೆ ಬಣ್ಣವನ್ನೂ ನೆಲದ ನುಣುಪುಗಲ್ಲನ್ನೂ ಮುಂದಿನ ವರ್ಷಕ್ಕೆ ಬಿಡಿ. ಜಾಲಂಧ್ರವನ್ನೂ ತಂತಿಯನ್ನೂ ಮಾತ್ರ ಮುಂದೂಡಬೇಡಿ. ಜಗಲಿಯ ಅಂದಗೇಡನ್ನು ಮನೆಯವರು ಸಹಿಸಿಯಾರು. ಕೆಟ್ಟ ಗಾಳಿಗೆ ಸಿಕ್ಕಿದವರಿಗೆ ಸಹಿಸಲು ವ್ಯವಧಾನವೇ ಇರದು.